ಕುಲುಮೆಯ ಹತ್ತನೇ ಹಾಡು

ದುರ್ಗಿಗುಡಿ, ಶಿವಮೊಗ್ಗ
9 ಫೆಬ್ರವರಿ 2003

ಪ್ರಿಯ ವೆಂಕಟಾಚಲ,

ಅಕ್ಷರ ನೋಡಿಯೇ ಯಾರೆಂದು ಗೊತ್ತಾಗಿರುತ್ತದೆ. ಹರಿದು ಹಾಕುವ ಮುಂಚೆ ಎರಡನೇ ಪುಟದವರೆಗಾದರೂ ಓದು. ನಿಮ್ಮ ಪಕ್ಕದ ಮನೆಗೆ ಒಂದೇ ದಿನ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಆ ಮನೆಯಾಕೆ "ಅವ್ರು ಸ್ನಾನಕ್ಕೆ ಹೋಗಿದಾರಂತೆ" ಅಂದರು. ದಿನಕ್ಕೆ ಮೂರು ಸ್ನಾನ ಮಾಡುವಷ್ಟು ಮಡಿವಂತ ನೀನು ಯಾವಾಗ ಆದೆ ಮಾರಾಯ? ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ನಮ್ಮ ಕುಲುಮೆ ಬ್ಯಾಂಡಿನ ಹಾಡುಗಳು ಕ್ಯಾಸೆಟ್ ಆಗಿ ಬರುತ್ತಿವೆ. ಸಿ.ಡಿ.ಯೂ ಉಂಟು. 1989ರಿಂದ 1997ರವರೆಗಿನ ಎಂಟು ವರ್ಷಗಳಲ್ಲಿ ನಾವು ಹಾಡಿದ್ದರಲ್ಲಿ ಆಯ್ದ ಹತ್ತು ಹಾಡು. ಬೆಂಗಳೂರಿನ ಒಂದು ಸಣ್ಣ ಆಡಿಯೋ ಕಂಪನಿಯವರೇ ನನ್ನನ್ನು ಹುಡುಕಿಕೊಂಡು ಬಂದರು. ಭದ್ರಾವತಿಯ ಕಾರ್ಖಾನೆ ಕಾರ್ಮಿಕರ ಮಕ್ಕಳು ಗಣಪತಿ ಪೆಂಡಾಲಿನಲ್ಲಿ ನಿಂತು ತಾವೇ ಬರೆದ ರಾಕ್ ಹಾಡುತ್ತಿದ್ದರು ಅಂದರೆ ಈಗಿನವರು ನಂಬುವುದಿಲ್ಲವಂತೆ. ಆಗ ಪೆಂಡಾಲಿನವರೂ ನಂಬಿರಲಿಲ್ಲ, ನಡುವೆ ಒಂದು ಭಕ್ತಿಗೀತೆ ಹಾಡಿ ಎಂದು ಚೀಟಿ ಕಳಿಸುತ್ತಿದ್ದರು.

ಮೈಕ್ ಸೆಟ್ ಭೈರಪ್ಪ ಪ್ರತಿ ಕಾರ್ಯಕ್ರಮವನ್ನೂ ಒಂದು ಕ್ಯಾಸೆಟ್ಟಿಗೆ ಹಿಡಿದು ಕೊಡುತ್ತಿದ್ದನಲ್ಲ, ಆ ಮೂವತ್ತೊಂದು ಕ್ಯಾಸೆಟ್ಟುಗಳೂ ನನ್ನ ಹತ್ತಿರ ಬಿಸ್ಕತ್ತಿನ ಡಬ್ಬದಲ್ಲಿ ಹಾಗೇ ಇವೆ. ಕೂತು ಕೇಳಿ ಹತ್ತು ಆರಿಸಿದ್ದೇನೆ. 'ತುಕ್ಕು' ಇದೆ, 'ಬೂದಿ ಬಣ್ಣದ ಅಂಗಿ' ಇದೆ, ಕೊಟ್ರ ಡ್ರಮ್ಸ್ ಕೋಲು ಮುರಿದುಕೊಂಡು ಕೈಯಲ್ಲೇ ಬಾರಿಸಿದ 'ಗೇಟ್ ನಂಬರ್ ಮೂರು' ಇದೆ. ಹತ್ತನೆಯದು 'ಪಾಳಿ ಬದಲು'. ನೀನು ಬರೆದ ಕೊನೆಯ ಹಾಡು, ನಿನ್ನ ಹಾಡುಗಳಲ್ಲೆಲ್ಲ ಉತ್ತಮವಾದದ್ದು. ನಾವು ಅದನ್ನು ಒಂದೇ ಸಲ ಹಾಡಿದ್ದು, ಅದೂ ಯಾವ ಸಂಜೆ ಎಂದು ನಿನಗೆ ಗೊತ್ತು. ಆ ಸಂಜೆಯ ವಿಚಾರ ಈಗ ಬೇಡ. ಸ್ಟುಡಿಯೋದಲ್ಲಿ ಆಕರ್ಷ ಎಂಬ ಸೌಂಡ್ ಇಂಜಿನಿಯರ್ ಇದ್ದಾನೆ, ಕಂಪ್ಯೂಟರಿನಲ್ಲಿ ಎಂಥ ಸೊಟ್ಟ ಹಾಡನ್ನೂ ನೆಟ್ಟಗೆ ಮಾಡುತ್ತಾನಂತೆ.

ಹಾಡು ಬರೆದವನು ನೀನು, ಆದ್ದರಿಂದ ನಿನ್ನ ಒಪ್ಪಿಗೆ ಬೇಕು. ಪತ್ರ ಜೊತೆಗಿಟ್ಟಿದ್ದೇನೆ, ಹತ್ತರ ಮುಂದೆಯೂ ಸಹಿ ಹಾಕಿ ಕಳಿಸು. ಕೊಟ್ರಬಸಪ್ಪ ಆಗಲೇ ಹಾಕಿದ. ಆಲ್ಕೊಳದಲ್ಲಿ ಪೇಂಟ್ ಅಂಗಡಿ ಇಟ್ಟಿದ್ದಾನೆ. "ನಾನು ಡ್ರಮ್ಸ್ ಬಾರಿಸ್ತಿದ್ದೆ ಅಂದ್ರೆ ಹೆಂಡ್ತಿ ನಗ್ತಾಳೆ ಕಣೋ, ಬೇಗ ಕ್ಯಾಸೆಟ್ ಮಾಡ್ಸು" ಅಂತಾನೆ.

ನಿನ್ನ,
ಜ್ಞಾನೇಶ್


ನ್ಯೂಟೌನ್, ಭದ್ರಾವತಿ
27 ಫೆಬ್ರವರಿ 2003

ಶ್ರೀ ಜ್ಞಾನೇಶ್ ಅವರಿಗೆ ನಮಸ್ಕಾರಗಳು.

ತಮ್ಮ ಪತ್ರ ಈ ತಿಂಗಳ ಹನ್ನೆರಡರಂದು ತಲುಪಿತು. ಒಂಬತ್ತು ಹಾಡುಗಳಿಗೆ ನನ್ನ ಒಪ್ಪಿಗೆ ಇದೆ, ಸಹಿ ಮಾಡಿದ್ದೇನೆ. ಹತ್ತನೆಯದನ್ನು ಇಂಕಿನಲ್ಲಿ ಹೊಡೆದು ಹಾಕಿ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದ್ದೇನೆ. ಕಾರಣ ತಮಗೂ ತಿಳಿದಿರುವುದರಿಂದ ಬರೆಯುವುದಿಲ್ಲ.

ಫೋನ್ ಬಂದಾಗ ನಾನು ಸ್ನಾನದಲ್ಲೇ ಇದ್ದೆ.

ವೇದಾವತಿ ನಿಮ್ಮ ಮನೆಯವರನ್ನೂ ಮಗುವನ್ನೂ ವಿಚಾರಿಸಿದ್ದಾಳೆ. ಅದು ಅವಳ ವಿಚಾರಣೆ.

ಇತಿ,
ಎನ್. ವೆಂಕಟಾಚಲ


ಶಿವಮೊಗ್ಗ
6 ಮಾರ್ಚ್ 2003

ವೆಂಕಟಾಚಲ ಮಹಾಶಯರಿಗೆ,

'ತಾವು' ಅಂತೆ! ಒಂದೇ ಸಿಂಗಲ್ ಟೀಯನ್ನು ಇಬ್ಬರು ಕುಡಿದವರು ನಾವು. ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತನಾಗಿ ನಟ್ಟು ಬೋಲ್ಟಿನ ಲೆಕ್ಕ ಬರೆದು ಬರೆದು ನಿನಗೆ ಮನುಷ್ಯರಿಗೆ ಬರೆಯುವುದು ಮರೆತಿದೆ. ನಿನ್ನ ವೇದಾವತಿಗೆ ಹೇಳು, ನಾವೆಲ್ಲ ಚೆನ್ನಾಗಿದ್ದೇವೆ, ಮಗಳು ಅಮೂಲ್ಯ ಒಂದನೇ ಕ್ಲಾಸು. ಮನೆಯಲ್ಲೇ ಗಿಟಾರ್ ಕ್ಲಾಸು ನಡೆಸುತ್ತೇನೆ, ಕಲಿಯುವವರು ಹನ್ನೊಂದು ಜನ, ಅದರಲ್ಲಿ ಎರಡು ಜನಕ್ಕೆ ಕಿವಿ ಇದೆ.

ಹತ್ತನೇ ಹಾಡಿನ ಮಾತು ಮುಗಿದಿಲ್ಲ. ಅದಕ್ಕೂ ಮುಂಚೆ ಒಂದು ಸಂತೋಷದ ಸುದ್ದಿ. ಆಕರ್ಷ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಕೇಳಿದ. ನಮ್ಮ ಒಂದು ಹಾಡೂ ಸರಿಯಾದ ಶ್ರುತಿಯಲ್ಲಿ ಇಲ್ಲವಂತೆ. 1989ರದು ಸ್ವಲ್ಪವೇ ಕೆಳಗಿದೆ, ವರ್ಷ ಹೋದಂತೆ ಇಳಿಯುತ್ತ ಇಳಿಯುತ್ತ 97ರ ಹೊತ್ತಿಗೆ ಹಾರ್ಮೋನಿಯಂ ಲೆಕ್ಕದಲ್ಲಿ ಕಾಲು ಮನೆಯಷ್ಟು ಕೆಳಗೆ ಬಂದಿದೆ. "ಸರ್, ಟೇಪ್ ರೆಕಾರ್ಡರ್ ಬರ್ತಾ ಬರ್ತಾ ಸ್ಲೋ ಆಗಿದೆ, ಅಷ್ಟೇ. ಎಲ್ಲಾ ಮೇಲೆತ್ತಿ ಒಂದೇ ಶ್ರುತಿಗೆ ತರ್ತೀನಿ" ಅಂದ. ನಾನು ಆಗಲಿ ಅಂದೆ. ಆಮೇಲೆ ಹತ್ತೂ ಹಾಡು ಒಂದೇ ದಿನ ಸ್ಟುಡಿಯೋದಲ್ಲಿ ಹಾಡಿದಂತೆ ಕೇಳುತ್ತವಂತೆ.

ಹಾಗೆಯೇ 'ಪಾಳಿ ಬದಲು' ಕೂಡ ಸರಿಹೋಗುತ್ತದೆ. ಸಹಿ ಹಾಕು ಮಾರಾಯ.

ಜ್ಞಾನೇಶ್


ಭದ್ರಾವತಿ
10 ಮಾರ್ಚ್ 2003

ಶ್ರೀ ಜ್ಞಾನೇಶ್ ಅವರಿಗೆ,

ತಮ್ಮ ಪತ್ರ ಇಂದು ಬಂತು, ಇಂದೇ ಉತ್ತರ ಬರೆಯುತ್ತಿದ್ದೇನೆ. ಶ್ರುತಿ ಮುಟ್ಟಬೇಡಿ. ಒಂದು ಹಾಡನ್ನೂ ಮೇಲೆತ್ತಬೇಡಿ.

ನಾವು ಶ್ರುತಿ ಎಲ್ಲಿಂದ ತೆಗೆದುಕೊಳ್ಳುತ್ತಿದ್ದೆವು ಎಂದು ಆ ಇಂಜಿನಿಯರಿಗೆ ಹೇಳಿದ್ದೀರಾ? ನಾಚಿಕೆಯಾಗಿ ಹೇಳಿರಲಾರಿರಿ. ನಮ್ಮ ಹತ್ತಿರ ಹಾರ್ಮೋನಿಯಂ ಇರಲಿಲ್ಲ. ನಮ್ಮ ಕ್ವಾರ್ಟರ್ಸಿನ ಜಗಲಿಯ ಮೇಲೆ ನಿಮ್ಮ ಗಿಟಾರು, ನನ್ನ ಬೇಸ್ ಗಿಟಾರು ಹಿಡಿದು ಕೂತು, ಮಧ್ಯಾಹ್ನ ಎರಡು ಗಂಟೆಯ ಪಾಳಿಯ ಸೈರನ್‌ಗೆ ಕಾಯುತ್ತಿದ್ದೆವು. ಸೈರನ್ ಕೆಳಗಿಂದ ಎದ್ದು ಒಂದು ಸ್ವರದಲ್ಲಿ ನಿಂತ ಕೂಡಲೇ ನೀವು ಐದನೇ ತಂತಿ, ನಾನು ಮೂರನೇ ತಂತಿ ಅದಕ್ಕೆ ಸೇರಿಸುತ್ತಿದ್ದೆವು. ಉಳಿದ ತಂತಿಗಳೆಲ್ಲ ಆಮೇಲೆ. ಎಂಟು ವರ್ಷ ಭದ್ರಾವತಿಯಲ್ಲಿ ಶ್ರುತಿ ಮಾಡಿಕೊಂಡು, ತಂತಿ ತಿರುಪುವ ಬಿರಡೆಗೆ ಯಾರ ಕೈಯೂ ತಾಗದಂತೆ ಬಾಣಂತಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೆವು. ಟೇಪ್ ರೆಕಾರ್ಡರಿನದು ಏನೂ ತಪ್ಪಿಲ್ಲ. ಸೈರನ್ನಿನ ಸ್ವರ ವರ್ಷ ವರ್ಷ ಕೂದಲೆಳೆಯಷ್ಟು ಇಳಿಯುತ್ತ ಬಂತು, ಅದರ ಜೊತೆ ನಾವೂ ಇಳಿದೆವು.

ನಿಮಗೆ ತಿಳಿಯದ ಇನ್ನೊಂದು ಸಂಗತಿ ಇದೆ. ಬಾಯ್ಲರ್ ಮನೆಯಲ್ಲಿ ಸೈರನ್ ಊದುತ್ತಿದ್ದವರು ನಮ್ಮ ಲೈನಿನ ಕೊನೆಯ ಮನೆಯ ಮೂರ್ತಪ್ಪನವರು. 98ರಲ್ಲಿ ಅವರು ರಿಟೈರ್ ಆದ ದಿನ ಹಾರ ಹಾಕಲು ಹೋಗಿದ್ದೆ. ಆಗ ಅವರೇ ಹೇಳಿದರು. ಸೈರನ್ನಿನ ಹೊತ್ತು ಇಪ್ಪತ್ತೇ ಸೆಕೆಂಡು. ಎರಡು ಗಂಟೆಯದನ್ನು ಮಾತ್ರ ಅವರು ನಲವತ್ತು, ನಲವತ್ತೈದು ಸೆಕೆಂಡು ಹಿಡಿಯುತ್ತಿದ್ದರು. "ಅರ್ಧ ತಂತಿ ಆಗೋ ಹೊತ್ತಿಗೆ ನಿಲ್ಸಿದ್ರೆ ನೀವು ನಾಳೆವರೆಗೆ ಕಾಯ್ಬೇಕಲ್ಲಪ್ಪ. ಮೇಲಿನವ್ರು ಕೇಳಿದ್ರೆ ಹಿಡಿ ಬಿಗಿ ಅಂತಿದ್ದೆ" ಅಂದರು. ಎಂಟು ವರ್ಷ, ಜ್ಞಾನೇಶ್. ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಆ ಸ್ವರವನ್ನು ಅಳಿಸಿ ಕಂಪ್ಯೂಟರಿನ ಸ್ವರ ಹಾಕಿಸುತ್ತೀಯಾ?

ಈಗಿನದು ಕರೆಂಟಿನ ಸೈರನ್. ಹಬೆಯದು ಉಳಿದಿರುವುದು ನಿನ್ನ ಆ ಡಬ್ಬದಲ್ಲಿ ಮಾತ್ರ.

ವೆಂಕಟಾಚಲ


ಶಿವಮೊಗ್ಗ
14 ಮಾರ್ಚ್ 2003

ವೆಂಕಟಾಚಲ,

ಕೊನೆಗೂ ಪತ್ರದ ನಡುವೆ 'ನೀನು' ಬಂತು. ಆ ಸಂತೋಷದಲ್ಲಿ ಸುಮ್ಮನಿರೋಣ ಅಂದುಕೊಂಡೆ, ಆಗಲಿಲ್ಲ. ಮೂರ್ತಪ್ಪಣ್ಣನ ವಿಷಯ ಎರಡು ಸಲ ಓದಿದೆ, ಅದು ಸತ್ಯ. ಅವರಿಗೆ ಕೈಮುಗಿಯುತ್ತೇನೆ. ಆದರೆ ನಿನಗೆ ಒಂದು ಮಾತು ಹೇಳಲೇಬೇಕು, ಐದು ವರ್ಷ ನುಂಗಿಕೊಂಡಿದ್ದೇನೆ.

ಅದೇ ಸೈರನ್ ಅಲ್ಲವಾ ನಮ್ಮನ್ನು ಮುಳುಗಿಸಿದ್ದು? 97ರ ಡಿಸೆಂಬರ್. ಶಿವಮೊಗ್ಗದ ಕಾಲೇಜು ಮೈದಾನ, ಎರಡು ಸಾವಿರ ಜನ, ಬೆಂಗಳೂರಿನಿಂದ ಕ್ಯಾಸೆಟ್ ಕಂಪನಿಯವನು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ನಾನು ಆಗಷ್ಟೇ ಶಿವಮೊಗ್ಗಕ್ಕೆ ಮನೆ ಮಾಡಿದ್ದೆ, ಅವತ್ತು ಎರಡು ಗಂಟೆಗೆ ನಿಮ್ಮ ಜಗಲಿಗೆ ಬರಲಾಗಲಿಲ್ಲ. ಭಾವಮೈದ ಬೆಂಕಿಪೊಟ್ಟಣದಷ್ಟು ದೊಡ್ಡ ಟ್ಯೂನರ್ ಯಂತ್ರ ತಂದುಕೊಟ್ಟಿದ್ದ, ಅದರಲ್ಲಿ ಶ್ರುತಿ ಮಾಡಿಕೊಂಡೆ. ನೀನು ಭದ್ರಾವತಿಯಿಂದ ಸೈರನ್ ಶ್ರುತಿ ಹೊತ್ತುಕೊಂಡು ಬಂದೆ. ಬಸ್ಸು ತಡ, ಸರಿನೋಡಲು ಸಮಯವಿಲ್ಲ, ನೇರ ಸ್ಟೇಜು. ಮೊದಲ ಹಾಡೇ ಒಡೆದ ಮಡಕೆ ಬಡಿದ ಹಾಗೆ ಆಯಿತು. ಜನ ಕೂಗಲು ಶುರು ಮಾಡಿದರು. ಅಲ್ಲಿಯವರೆಗೆ ನಿನ್ನ ತಪ್ಪು ಅನ್ನುವುದಿಲ್ಲ, ಹೇಳದೆ ಬಂದ ನನ್ನದೇ ತಪ್ಪು.

ಆದರೆ ಎರಡನೇ ಹಾಡು 'ಪಾಳಿ ಬದಲು' ಶುರುವಾದಾಗಲೂ ನೀನು ಹೊಂದಲಿಲ್ಲ. ನಾನು ಎಲ್ಲಿದ್ದೇನೋ ಅಲ್ಲಿ ನೀನಿಲ್ಲ! ನನ್ನ ಮುಖ ನೋಡದೆ, ಆಂಪ್ಲಿಫೈಯರಿನ ಕಡೆ ತಿರುಗಿಕೊಂಡು ಬಾರಿಸುತ್ತಿದ್ದೆ. ಶಿವಮೊಗ್ಗಕ್ಕೆ ಹೋದ ನನಗೆ ಬುದ್ಧಿ ಕಲಿಸಬೇಕೆಂದು ಬೇಕಂತಲೇ ಮಾಡಿದೆ ಎಂದು ಅವತ್ತೇ ತಿಳಿದುಕೊಂಡೆ. ಅದಕ್ಕೇ ಹಾಡು ಮುಗಿದ ಕೂಡಲೇ ವೈರು ಕಿತ್ತು ಇಳಿದು ಹೋದೆ. ಈಗಲೂ ಹಾಗೆಯೇ ತಿಳಿದಿದ್ದೇನೆ.

ಇಷ್ಟು ಬರೆದ ಮೇಲೆ ಸಹಿ ಕೇಳುವ ಮುಖ ನನಗಿಲ್ಲ.

ಜ್ಞಾನೇಶ್


ಶಿವಮೊಗ್ಗ
21 ಏಪ್ರಿಲ್ 2003

ವೆಂಕಟ,

ಐದು ವಾರವಾಯಿತು, ನಿನ್ನಿಂದ ಒಂದು ಕಾರ್ಡೂ ಇಲ್ಲ. ನಾನೂ ಬರೆಯುವವನಲ್ಲ. ಆದರೆ ನಿನ್ನೆ ಬೆಂಗಳೂರಿನಲ್ಲಿ ನಡೆದದ್ದನ್ನು ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಹತ್ತನೇ ಹಾಡು ಬಿಟ್ಟು ಒಂಬತ್ತೇ ಮಾಡಿ ಎಂದು ಹೇಳಲು ಹೋಗಿದ್ದೆ. ಆ ಡಿಸೆಂಬರ್ ಸಂಜೆಯ ಕ್ಯಾಸೆಟ್ಟು ಅಷ್ಟರಲ್ಲಿ ಆಕರ್ಷನ ಕಂಪ್ಯೂಟರಿನಲ್ಲಿತ್ತು. ನಾನು ಅದನ್ನು ಅಲ್ಲಿಯವರೆಗೆ ಒಂದು ಸಲವೂ ಕೇಳಿರಲಿಲ್ಲ. ಆಯ್ಕೆ ಮಾಡುವಾಗಲೂ ಕೇಳಲಿಲ್ಲ, ನೆನಪಿನ ಮೇಲೆಯೇ ಹತ್ತನೆಯದೆಂದು ಬರೆದೆ. ಅವನು ಕೇಳಿದ:

"ಸರ್, ಮೊದಲ್ನೇ ಹಾಡಲ್ಲಿ ನಿಮ್ಮ ಗಿಟಾರ್ ಮೇಲಿದೆ, ಬೇಸ್ ಕೆಳಗಿದೆ. ಎರಡನೇದ್ರಲ್ಲಿ ಉಲ್ಟಾ. ಬೇಸ್ ಮೇಲೆ, ನೀವು ಕೆಳಗೆ. ಮಧ್ಯದಲ್ಲಿ ಏನ್ ಮಾಡಿದ್ರಿ?"

ಇನ್ನೊಮ್ಮೆ ಹಾಕು ಅಂದೆ. ಹಾಕಿದ. ನಾಲ್ಕು ಸಲ ಹಾಕಿಸಿದೆ.

ನಿನಗೆ ಹೇಳದ ಒಂದು ಸಂಗತಿ ಇದೆ. ಮೊದಲ ಹಾಡು ಮುಗಿದು ಜನ ಕೂಗುವಾಗ ಕೊಟ್ರ ಒಂದು ನಿಮಿಷ ಡ್ರಮ್ಸ್ ಬಾರಿಸಿ ಹೊತ್ತು ತುಂಬಿಸಿದನಲ್ಲ, ಆಗ ನಾನು ವಾಲ್ಯೂಮ್ ಇಳಿಸಿಕೊಂಡು ನನ್ನ ತಂತಿಗಳನ್ನೆಲ್ಲ ಸಡಿಲ ಮಾಡಿದೆ. ಸೈರನ್ ಶ್ರುತಿಗೆ. ಎಂಟು ವರ್ಷ ಕೇಳಿದ್ದು, ಕಿವಿಯಲ್ಲೇ ಇತ್ತು. ನೀನು ಕೆಳಗಿದ್ದೀ, ನಾನೇ ಕೆಳಗೆ ಬರುತ್ತೇನೆ ಅಂದುಕೊಂಡೆ. ನಾನು ಇಳಿದೂ ನೀನು ಹೊಂದಲಿಲ್ಲವೆಂದೇ ನನಗೆ ಅಷ್ಟು ಸಿಟ್ಟು ಬಂದದ್ದು.

ನೀನು ಆ ಒಂದು ನಿಮಿಷದಲ್ಲಿ ಏನು ಮಾಡಿದೆ? ಆಂಪ್ಲಿಫೈಯರಿನ ಕಡೆ ಯಾಕೆ ತಿರುಗಿಕೊಂಡಿದ್ದೆ? ನಿನ್ನ ದಮ್ಮಯ್ಯ, ಒಂದೇ ಸಾಲು ಬರಿ.

ಜ್ಞಾನ


ಭದ್ರಾವತಿ
24 ಏಪ್ರಿಲ್ 2003

ಜ್ಞಾನ,

ತಂತಿ ಬಿಗಿ ಮಾಡುತ್ತಿದ್ದೆ.

ಮೊದಲ ಹಾಡಿನಲ್ಲಿ ನಿನ್ನ ಐದನೇ ತಂತಿ ಎಲ್ಲಿತ್ತೋ ಅದನ್ನು ಕಿವಿಯಲ್ಲಿ ಹಿಡಿದುಕೊಂಡು, ಆ ಗದ್ದಲದಲ್ಲಿ ನನ್ನ ತಂತಿಯ ಸದ್ದು ನನಗೇ ಕೇಳಲೆಂದು ಆಂಪ್ಲಿಫೈಯರಿಗೆ ಕಿವಿ ಕೊಟ್ಟು ನಿಂತಿದ್ದೆ. ಹಾಡುವವನು ನೀನು, ಹಾಡುವವನ ಶ್ರುತಿಗೆ ನಾನು ಬರಬೇಕು ಅಂದುಕೊಂಡೆ. 'ಪಾಳಿ ಬದಲು' ಶುರುವಾದಾಗ ನೀನು ಕೆಳಗಿದ್ದೆ. ನಾನು ಹತ್ತಿಕೊಂಡು ಬಂದದ್ದನ್ನು ಕಂಡು ಎರಡು ಸಾವಿರ ಜನರ ಮುಂದೆ ಗೇಲಿ ಮಾಡಲು ಇಳಿದಿದ್ದೀಯ ಎಂದು ತಿಳಿದೆ. ನೀನು ವೈರು ಕಿತ್ತಾಗ ನನಗೆ ಸಂದೇಹವೇ ಉಳಿಯಲಿಲ್ಲ. ನಿನ್ನ ಮಾರ್ಚ್ ಪತ್ರ ಬಂದಾಗಲೂ, ಮಾಡಿದವನೇ ನನ್ನ ಮೇಲೆ ಹಾಕುತ್ತಿದ್ದಾನೆ ಎಂದು ಐದು ವಾರ ಬಾಯಿ ಬಿಗಿದುಕೊಂಡಿದ್ದೆ.

ನಿನ್ನ ಪತ್ರವನ್ನು ವೇದಾವತಿಗೆ ಓದಿ ಹೇಳಿದೆ. ಅವಳು "ಇಬ್ರೂ ಒಳ್ಳೇವ್ರಾಗಕ್ಕೆ ಹೋಗಿ ಕೆಟ್ರಲ್ರೀ. ಒಬ್ರಾದ್ರೂ ಹಠ ಮಾಡಿದ್ರೆ ಬ್ಯಾಂಡ್ ಉಳೀತಿತ್ತು" ಅಂದಳು. ಆಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ. ನಗುತ್ತಲೇ ಎದ್ದು ಹಿತ್ತಲಿಗೆ ಹೋದೆ, ಅಲ್ಲಿ ನಗು ನಿಂತಿತು.

ಜ್ಞಾನ, ನೀನು ನನಗಾಗಿ ಇಳಿದಿದ್ದೆ ಎಂದು ತಿಳಿಯಲು ನನಗೆ ಐದು ವರ್ಷ ಬೇಕಾಯಿತು. ಎದುರಿಗೆ ನಿಂತು ಹೇಳಲು ನನಗೆ ಬರುವುದಿಲ್ಲ, ಅದಕ್ಕೆ ಕಾಗದದಲ್ಲೇ ಹೇಳುತ್ತೇನೆ. ನಿನಗೆ ನಾನು ಋಣಿ. ಒಪ್ಪಿಗೆ ಪತ್ರದ ಇನ್ನೊಂದು ಪ್ರತಿ ಕಳಿಸು, ಹತ್ತಕ್ಕೂ ಸಹಿ ಹಾಕುತ್ತೇನೆ. ಹತ್ತನೆಯದು ಇದ್ದ ಹಾಗೇ ಇರಲಿ. ಕೇಳಿದವರು ಬೈದರೆ ಬೈಯಲಿ.

ವೆಂಕಟ


ಶಿವಮೊಗ್ಗ
30 ಏಪ್ರಿಲ್ 2003

ವೆಂಕಟ,

ನಿನ್ನ ಪತ್ರವನ್ನು ಕೊಟ್ರನಿಗೆ ತೋರಿಸಿದೆ. ಅಂಗಡಿಯಲ್ಲಿ ಗಿರಾಕಿಗಳೆದುರೇ "ನಾನು ಒಂದು ನಿಮಿಷ ಬಾರಿಸ್ದೇ ಇದ್ದಿದ್ರೆ ನಿಮ್ಮಿಬ್ರಿಗೂ ತಿರುಪೋಕೆ ಟೈಮೇ ಸಿಗ್ತಿರ್ಲಿಲ್ಲ. ಎಲ್ಲಾ ನಂದೇ ತಪ್ಪು" ಎಂದು ಅಳುವವನ ಹಾಗೆ ಮಾಡಿದ. ಅವನನ್ನು ಸಮಾಧಾನ ಮಾಡಲು ಮಸಾಲೆ ದೋಸೆ ಕೊಡಿಸಬೇಕಾಯಿತು.

ನಾನೂ ಒಂದು ಸುಳ್ಳು ಒಪ್ಪಿಕೊಳ್ಳುತ್ತೇನೆ. ಕಂಪನಿಯವರು ನನ್ನನ್ನು ಹುಡುಕಿಕೊಂಡು ಬರಲಿಲ್ಲ. ನಾನೇ ನಾಲ್ಕು ಸಲ ಹೋಗಿ ಅವರ ಬಾಗಿಲು ತಟ್ಟಿದೆ. ನಿನಗೆ ಬರೆಯಲು ನನಗೊಂದು ನೆವ ಬೇಕಿತ್ತು.

ಶ್ರುತಿ ಮೇಲೆತ್ತುವುದು ಬೇಡ ಎಂದು ಆಕರ್ಷನಿಗೆ ಹೇಳಿದೆ. ಅವನು ವಾದ ಮಾಡಿದ. ಮೂರ್ತಪ್ಪಣ್ಣನ ಕಥೆ ಹೇಳಿದ ಮೇಲೆ ಕಂಪನಿಯವರಿಗೆ ತಾನೇ ಹೇಳುತ್ತೇನೆ ಅಂದ. ಜೊತೆಗೆ ಕಳಿಸಿರುವ ಕ್ಯಾಸೆಟ್ಟಿನಲ್ಲಿ ಹತ್ತೂ ಹಾಡು ಇವೆ, ಏನೂ ತಿದ್ದಿಲ್ಲ. ಮೂರ್ತಪ್ಪಣ್ಣ ಎಲ್ಲಿದ್ದಾರೆ? ಅವರಿಗೆ ಕೇಳಿಸು. ಅವರಿಗೆ ಒಂದು ಥ್ಯಾಂಕ್ಸ್ ಹೇಳದೆ ಈ ಕ್ಯಾಸೆಟ್ ಹೊರಗೆ ಬರಬಾರದು.

ಜ್ಞಾನ


ಭದ್ರಾವತಿ
12 ಮೇ 2003

ಜ್ಞಾನ,

ಮೂರ್ತಪ್ಪನವರು ಹಳೇನಗರದಲ್ಲಿ ಮಗಳು ಶಂಕರಮ್ಮನ ಮನೆಯಲ್ಲಿದ್ದಾರೆ. ನಿನ್ನೆ ಟೇಪ್ ರೆಕಾರ್ಡರ್ ಚೀಲದಲ್ಲಿ ಹಾಕಿಕೊಂಡು ಹೋದೆ. ಉಸಿರಿನ ತೊಂದರೆಯಿಂದ ತುಂಬ ಇಳಿದುಹೋಗಿದ್ದಾರೆ, ಆದರೆ ಕಿವಿ ಚುರುಕಾಗಿದೆ. ಯಾಕೆ ಬಂದೆ ಎಂದು ಹೇಳದೆ ಹಾಡು ಹಾಕಿದೆ. ಹಾಡಿನ ಮಾತು ಅವರಿಗೆ ಬೇಕಿರಲಿಲ್ಲ, ನಿನ್ನ ಹಾಡುಗಾರಿಕೆಯೂ ಬೇಕಿರಲಿಲ್ಲ. ಬೆರಳೆತ್ತಿ, "ಇದು ಮಳೆಗಾಲದ್ದು. ಕಲ್ಲಿದ್ಲು ಒದ್ದೆ, ಹಬೆ ಏಳ್ತಿರ್ಲಿಲ್ಲ" ಅಂದರು. ಕ್ಯಾಸೆಟ್ಟಿನ ಜೊತೆ ನೀನಿಟ್ಟ ಚೀಟಿ ನೋಡಿದೆ: ಆಗಸ್ಟ್ 1993. ಇನ್ನೊಂದಕ್ಕೆ, "ಇದು ಹಬ್ಬದ್ ಹಿಂದಿಂದು, ಅವತ್ತು ಚೆನ್ನಾಗಿ ಊದಿದ್ದೆ" ಅಂದರು. ಏಳು ಹಾಡಿಗೆ ಹೀಗೆ ಹೇಳಿದರು, ಐದು ಸರಿ ಇತ್ತು. ಶಂಕರಮ್ಮ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡು ನೋಡುತ್ತಿದ್ದರು.

ಹತ್ತನೆಯದು ಬಂತು. ಅವರ ಮುಖ ಬದಲಾಯಿತು. "ಇದೇ ಅಲ್ವಾ, ಅವತ್ತಿಂದು?" ಅಂದರು. ಹೌದು ಅಂದೆ. ನಿಲ್ಲಿಸು ಎಂದು ಕೈ ಮಾಡಿದರು.

"ನಾನೇ ಅಲ್ವೇನಪ್ಪ ನಿಮ್ಮನ್ನ ಕೆಡ್ಸಿದ್ದು. ಅವತ್ತು ಬಾಯ್ಲರ್ ಪ್ರೆಷರ್ ಬಿದ್ದಿತ್ತು. ಗೊತ್ತಿದ್ದೂ ಊದಿದೆ."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನೆನಪಾಯಿತು. ಅವರು ರಿಟೈರ್ ಆದ ದಿನ, ಸೈರನ್ ಉದ್ದ ಹಿಡಿದ ಕಥೆ ಹೇಳಿ, "ಈಗ ಯಾಕೆ ಬಾರ್ಸಲ್ಲ ನೀವು?" ಎಂದು ಕೇಳಿದ್ದರು. ನಾನು ನಿನ್ನ ಮೇಲಿನ ಸಿಟ್ಟಿನಲ್ಲಿ, "ಶಿವಮೊಗ್ಗದ ಪ್ರೋಗ್ರಾಮಲ್ಲಿ ಶ್ರುತಿ ಕೆಡ್ತು, ನಿಂತೋಯ್ತು" ಎಂದು ಅಷ್ಟೇ ಹೇಳಿ ಬಂದಿದ್ದೆ. ಅವರ ಶ್ರುತಿ ಎಂದು ನಾನು ಹೇಳಿರಲಿಲ್ಲ. ಆದರೆ ನಮಗೆ ಬೇರೆ ಶ್ರುತಿ ಇತ್ತೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಐದು ವರ್ಷ, ನಾವಿಬ್ಬರು ಒಬ್ಬರ ಮೇಲೊಬ್ಬರು ಹಾಕಿಕೊಂಡು ಕೂತಿದ್ದ ತಪ್ಪನ್ನು ಆ ಮುದುಕ ಒಬ್ಬರೇ ಹೊತ್ತಿದ್ದಾರೆ. ರಿಟೈರ್ ಆದ ಮೇಲೆ ಅವರು ನಮ್ಮ ಲೈನಿಗೆ ಒಮ್ಮೆಯೂ ಬಂದಿರಲಿಲ್ಲ, ನಾನು ಅದಕ್ಕೆ ವಯಸ್ಸು ಕಾರಣ ಅಂದುಕೊಂಡಿದ್ದೆ.

ನಡೆದದ್ದನ್ನೆಲ್ಲ ಹೇಳಿದೆ. ಟ್ಯೂನರ್ ಯಂತ್ರ, ನಿನ್ನ ಸಡಿಲ, ನನ್ನ ಬಿಗಿ, ಎಲ್ಲ. ನಂಬಲಿಲ್ಲ. "ನೀನು ನಮ್ ಲೈನಿನ್ ಹುಡ್ಗ. ನಾನು ನೊಂದ್ಕೊಬಾರ್ದು ಅಂತ ಕಥೆ ಕಟ್ತಿದೀಯ. ಹಾಡೋನು ಹೇಳ್ಲಿ" ಅಂದರು.

ಬಾ ಜ್ಞಾನ. ಕ್ಯಾಸೆಟ್ ಕೆಲಸ ಎಷ್ಟೇ ಇರಲಿ, ಈ ಭಾನುವಾರವೇ ಬಾ. ಅವರ ಉಸಿರನ್ನು ನೋಡಿದರೆ ತಡ ಮಾಡಲು ನನಗೆ ಧೈರ್ಯವಿಲ್ಲ.

ವೆಂಕಟ


ಶಿವಮೊಗ್ಗ
20 ಮೇ 2003

ವೆಂಕಟ,

ಭಾನುವಾರ ಬಸ್ ಸ್ಟ್ಯಾಂಡಿನಲ್ಲಿ ನಿನ್ನನ್ನು ನೋಡಿ ಏನು ಮಾತಾಡಬೇಕೋ ತಿಳಿಯದೆ "ಕೂದ್ಲು ಉದ್ರಿದೆ" ಅಂದೆ. ನೀನು "ನಿಂದೂ" ಅಂದೆ. ಐದು ವರ್ಷದ ಮೇಲೆ ಇಷ್ಟೇ ಆಡಿದ್ದಕ್ಕೆ ನನ್ನ ಹೆಂಡತಿ ತಲೆ ಚಚ್ಚಿಕೊಂಡಳು. ನನಗೆ ಮಾತ್ರ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ.

ನೀನು ಮತ್ತು ಶಂಕರಮ್ಮ ಒಳಗೆ ಕಾಫಿ ತರಲು ಹೋದಾಗ ನಡೆದದ್ದನ್ನು ಹೇಳುತ್ತೇನೆ. ಅಷ್ಟರಲ್ಲಿ ನಾನು ನಿಮ್ಮೆದುರೇ ಎಲ್ಲ ಹೇಳಿ ಮುಗಿಸಿದ್ದೆನಲ್ಲ, ಮೂರ್ತಪ್ಪಣ್ಣ ತಲೆಯಾಡಿಸಿದ್ದರಲ್ಲ, ನೀವು ಹೋದ ಕೂಡಲೇ ನನ್ನ ಕೈ ಹಿಡಿದುಕೊಂಡರು. "ನನ್ ಸೈರನ್ ಸರಿ ಇತ್ತಾ?" ಅಂದರು. ಇತ್ತು ಅಂದೆ. ಮತ್ತೆ ಕೇಳಿದರು. ಮೂರನೇ ಸಲವೂ ಕೇಳಿದರು. ಅವರ ಕಾಲು ಹಿಡಿದು, "ಮೂರ್ತಪ್ಪಣ್ಣ, ನಿಮ್ಮದು ಬಿಟ್ಟು ಬೇರೆ ಶ್ರುತಿಗೆ ಹೋದವನು ನಾನು. ನೀವು ಇದ್ದಲ್ಲೇ ಇದ್ರಿ. ನಿಮ್ಮನ್ನ ಬಿಟ್ಟ ದಿನವೇ ನಮ್ಮ ಬ್ಯಾಂಡ್ ಕೆಟ್ಟಿದ್ದು" ಅಂದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ನೀನು ಕಾಫಿ ತಂದಾಗ ನನ್ನ ಕಣ್ಣು ಕೆಂಪಾಗಿದ್ದಕ್ಕೆ ಧೂಳು ಅಂದೆ, ನೀನು ಕಿಟಕಿ ಹಾಕಿದೆ. ಧೂಳು ಇರಲಿಲ್ಲ.

ಈಗ ಕೆಲಸದ ಮಾತು. ಕಂಪನಿಯವರು ಒಪ್ಪಿದ್ದಾರೆ. ಶ್ರುತಿ ಯಾಕೆ ಹೀಗಿದೆ ಎಂದು ಕ್ಯಾಸೆಟ್ ಡಬ್ಬಿಯೊಳಗಿನ ಕಾರ್ಡಿನಲ್ಲಿ ಬರೆದರೆ ಸಾಕಂತೆ. ನಾನು ಮೂರ್ತಪ್ಪಣ್ಣನಿಗೆ ಧನ್ಯವಾದ ಬರೆಯಲು ಕೂತು ಒಂದೂವರೆ ಪುಟ ಮಾಡಿದ್ದೇನೆ, ಜೊತೆಗಿದೆ. ಓದಿದರೆ ಸನ್ಮಾನ ಪತ್ರದ ಹಾಗೆ ಇದೆ. ಪದಗಳಲ್ಲಿ ನೀನೇ ಮೇಲು, ತಿದ್ದಿ ಕಂಪನಿಗೆ ನೇರವಾಗಿ ಕಳಿಸು. ನನಗೆ ತೋರಿಸುವುದೂ ಬೇಡ.

ಜ್ಞಾನ


ಭದ್ರಾವತಿ
15 ಜುಲೈ 2003

ಪ್ರೀತಿಯ ಜ್ಞಾನ,

ಕ್ಯಾಸೆಟ್ಟುಗಳು ಬಂದವು. ನಿನಗೂ ತಲುಪಿರಬೇಕು, ಆದ್ದರಿಂದ ನಿನ್ನ ಒಂದೂವರೆ ಪುಟ ಎಲ್ಲಿ ಹೋಯಿತು ಎಂದು ಇಷ್ಟು ಹೊತ್ತಿಗೆ ಬೈದಿರುತ್ತೀಯ. ಎಲ್ಲವನ್ನೂ ಹೊಡೆದು ಹಾಕಿದೆ. ಧನ್ಯವಾದಗಳ ಪಟ್ಟಿಯಲ್ಲಿ ಅವರ ಹೆಸರನ್ನು ಹಾಕಲು ನನಗೆ ಮನಸ್ಸಾಗಲಿಲ್ಲ. ಆ ಪಟ್ಟಿಯಲ್ಲಿರುವವರು ಹೊರಗಿನವರು.

ಬಂದ ದಿನವೇ ಒಂದನ್ನು ಹಳೇನಗರಕ್ಕೆ ಕೊಂಡುಹೋದೆ. ಮೂರ್ತಪ್ಪನವರು ಮಂಚದಲ್ಲಿ ಒರಗಿ ಕೂತಿದ್ದರು, ಉಸಿರು ಸ್ವಲ್ಪ ಪರವಾಗಿಲ್ಲ. ಕಾರ್ಡನ್ನು ಶಂಕರಮ್ಮನ ಕೈಗೆ ಕೊಟ್ಟು ಜೋರಾಗಿ ಓದಿ ಅಂದೆ. ಓದಿದರು:

"ಕುಲುಮೆ. ಹಾಡು, ಗಿಟಾರ್: ಜ್ಞಾನೇಶ್. ಬೇಸ್ ಗಿಟಾರ್, ಸಾಹಿತ್ಯ: ವೆಂಕಟಾಚಲ. ಡ್ರಮ್ಸ್: ಕೊಟ್ರಬಸಪ್ಪ. ಶ್ರುತಿ: ಮೂರ್ತಪ್ಪ."

ಇನ್ನೊಂದು ಸಲ ಓದಿಸಿದರು. ಆಮೇಲೆ ಕಾರ್ಡನ್ನು ತಾವೇ ತೆಗೆದುಕೊಂಡು, ಹೆಸರಿನ ಮೇಲೆ ಹೆಬ್ಬೆರಳಿಟ್ಟು, ನನ್ನನ್ನು ಕೇಳಿದರು.

"ನಾನೂ ಬಾರ್ಸಿದೀನಿ ಅಂತ ಹಾಕಿದೀರಾ?"

"ಹೌದು ಮೂರ್ತಪ್ಪಣ್ಣ. ಎಲ್ಲಾ ಹಾಡಲ್ಲೂ."

ಅವರು ತುಂಬ ಹೊತ್ತು ಆ ಕಾರ್ಡು ನೋಡಿದರು. ನಂತರ ತಲೆಯೆತ್ತಿ, ನಿಜವಾಗಿಯೂ ಸಿಟ್ಟು ಬಂದವರ ಹಾಗೆ ಅಂದರು:

"ಹಂಗಾದ್ರೆ ಮೊದ್ಲೇ ಹೇಳ್ಬಾರ್ದಿತ್ತೇನಪ್ಪ? ಇನ್ನೂ ಚೆನ್ನಾಗಿ ಊದ್ತಿದ್ದೆ."

ನಿನ್ನ,
ವೆಂಕಟ